ತೂಗಿ ನೋಡುವ ಒಂದು ಮಾತು

ಇಂಗ್ಲಿಷ್ ಭಾಷೆಯಲ್ಲಿ ‘ಪರ್ಪೆಂಡ್’ ಎಂದು ಒಂದು ಕ್ರಿಯಾಪದವುಂಟು. ಒಂದು ವಿಷಯವನ್ನು ಮನಸ್ಸಿನಲ್ಲಿ ಚೆನ್ನಾಗಿ ತೂಗಿ ನೋಡುವುದು, ಗಮನವಿಟ್ಟು ಪರ್ಯಾಲೋಚಿಸುವುದು ಎಂಬುದು ಅದರ ಅರ್ಥ. ಈಗ ಆ ಭಾಷೆಯನ್ನು ಹುಟ್ಟುಭಾಷೆಯಾಗಿ ಉಳ್ಳವರೂ ಇದನ್ನು ಆಡುವುದು ಅಪರೂಪ. ನಿಘಂಟುಕಾರರು ಅದರ ಪಕ್ಕದಲ್ಲಿ ಪ್ರಾಚೀನ ಪ್ರಯೋಗವೆಂಬ ಗುರುತನ್ನಿಟ್ಟು ಸುಮ್ಮನಾಗಿದ್ದಾರೆ. ನಮ್ಮ ಪಾಠಶಾಲೆಗಳಲ್ಲಿ ಓದಿದ ಹುಡುಗರು ‘ಥಿಂಕ್’ ಎಂಬುದನ್ನು ಬಲ್ಲರು, ‘ಕನ್ಸಿಡರ್’ ಎಂಬುದನ್ನು ಬಲ್ಲರು, ತುಸು ಮುಂದುವರಿದವರು ‘ಪಾಂಡರ್’ ಎಂಬುದನ್ನೂ ಬಲ್ಲರು. ‘ಪರ್ಪೆಂಡ್’ ಎಂದರೆ ಅಚ್ಚಿನ ತಪ್ಪಿರಬೇಕೆಂದು ಹುಬ್ಬೇರಿಸುತ್ತಾರೆ. ಹೀಗೆ ಸ್ವದೇಶದಲ್ಲಿಯೇ ಮೂಲೆಗೆ ಸೇರಿದ ಮಾತನ್ನು ಕನ್ನಡ ಗೃಹಸ್ಥರ ಮುಂದೆ ತಂದಿರಿಸುವ ಪ್ರಯೋಜನವೇನೆಂದು ವಾಚಕರು ಕೇಳಬಹುದು. ಈ ಮಾತು ನಮ್ಮ ಮನೆಗೆ ಬಾರದಿದ್ದರೂ ಇದರ ದಾಯಾದಿಗಳೆಲ್ಲರೂ ನಮ್ಮ ಮನೆಯಲ್ಲಿಯೇ ಬೀಡುಬಿಟ್ಟಿದ್ದಾರೆ ಎಂಬುದು ನಮ್ಮ ಮೊದಲನೆಯ ಉತ್ತರ. ಎರಡನೆಯ ಉತ್ತರವನ್ನು ಲೇಖನದ ಮುಂದಿನ ಭಾಗಕ್ಕೆ ಬಿಡುತ್ತೇವೆ.

ಬಂಧುವರ್ಗದಿಂದಲೇ ಆರಂಭಿಸೋಣ. ತಿಂಗಳು ತಿರುಗುತ್ತಲೇ ನಮ್ಮಂಥ ನಿವೃತ್ತರು ಎದುರುನೋಡುವ ‘ಪಿಂಚಣಿ’ ಇದೆಯಷ್ಟೆ. ಅದು ‘ಪೆನ್ಷನ್’ ಎಂಬುದು ಕನ್ನಡದ ಬಾಯಲ್ಲಿ ಸವೆದು ಬಂದ ರೂಪ. ವಿದ್ಯಾರ್ಥಿಗೆ ಕೊಡುವ ‘ಸ್ಟೈಪೆಂಡ್’, ಕಾಯಿಲೆಯವರಿಗೆ ಔಷಧ ಅಳೆದುಕೊಡುವ ‘ಡಿಸ್ಪೆನ್ಸರಿ’, ತಪ್ಪು ಮಾಡಿದ ಅಧಿಕಾರಿಗೆ ಆಗುವ ‘ಸಸ್ಪೆಂಡ್’, ಹೆಣ್ಣುಮಕ್ಕಳ ಸರದಲ್ಲಿ ತೂಗುವ ‘ಪೆಂಡೆಂಟ್’, ಗೋಡೆಯ ಗಡಿಯಾರದ ‘ಪೆಂಡುಲಂ’, ಬ್ರಿಟಿಷರ ನಾಣ್ಯವಾದ ‘ಪೌಂಡ್’, ಇವೆಲ್ಲವೂ ನಮ್ಮ ‘ಪರ್ಪೆಂಡ್’ ಹುಟ್ಟಿದ ಮನೆತನದವೇ ಆಗಿವೆ. ಲ್ಯಾಟಿನ್ ಭಾಷೆಯಲ್ಲಿ ‘ಪೆಂದೆರೆ’ ಎಂದರೆ ತೂಗುವುದು, ತಕ್ಕಡಿಗೆ ಹಾಕುವುದು. ಸ್ವಲ್ಪ ಉಚ್ಚಾರಭೇದದಿಂದ ಅದೇ ಬೇರಿನ ಇನ್ನೊಂದು ಕ್ರಿಯಾಪದಕ್ಕೆ ಜೋಲುವುದು, ನೇತಾಡುವುದು ಎಂದರ್ಥ. ರೋಮನರ ಆದಿಕಾಲದಲ್ಲಿ ಮುದ್ರೆಯೊತ್ತಿದ ನಾಣ್ಯವಿರಲಿಲ್ಲ. ಕಂಚಿನ ತುಂಡುಗಳನ್ನು ತೂಗಿ ಕೊಡುವುದೇ ಹಣ ಸಲ್ಲಿಸುವ ಕ್ರಮವಾಗಿತ್ತು. ಆದಕಾರಣ ‘ತೂಗುವುದು’ ಎಂಬ ಮಾತಿಗೆ ‘ಹಣ ಕೊಡುವುದು’ ಎಂಬ ಅರ್ಥವೂ ಬಂದಿತು. ಪಿಂಚಣಿಯೂ ಸ್ಟೈಪೆಂಡೂ ಹುಟ್ಟಿದ್ದು ಈ ದಾರಿಯಿಂದ. ಹಣವನ್ನು ತೂಗಿದ ಕೈಯೇ ಕ್ರಮೇಣ ವಿಷಯಗಳನ್ನೂ ತೂಗಲು ಕಲಿಯಿತು. ಫ್ರೆಂಚರು ಯೋಚಿಸುವುದಕ್ಕೆ ಬಳಸುವ ‘ಪಾಂಸೆ’ ಎಂಬ ಸಾಮಾನ್ಯ ಕ್ರಿಯಾಪದವೂ ತೂಗುವ ಈ ಧಾತುವಿನಿಂದಲೇ ಬಂದುದು.

ಇನ್ನು ‘ಪರ್’ ಎಂಬ ಉಪಸರ್ಗ. ಅದು ಸಂಸ್ಕೃತದ ‘ಪರಿ’ ಎಂಬುದರ ಒಡಹುಟ್ಟು. ಪರೀಕ್ಷೆ, ಪರಿಶೀಲನೆ, ಪರಿಪೂರ್ಣ ಎಂಬ ಮಾತುಗಳಲ್ಲಿ ‘ಪರಿ’ ಮಾಡುವ ಕೆಲಸವನ್ನೇ ಅಲ್ಲಿ ಅದು ಮಾಡುತ್ತದೆ. ಎಲ್ಲ ಕಡೆಯಿಂದಲೂ, ಕೊನೆಮುಟ್ಟ ಎಂದು ಅದರ ತಾತ್ಪರ್ಯ. ಹೀಗೆ ‘ಪರ್ಪೆಂಡ್’ ಎಂದರೆ ಅರೆಮನಸ್ಸಿನ ತೂಕವಲ್ಲ, ಮುಗಿಯುವವರೆಗೂ ತೂಗುವುದು. ಕಲ್ಲುಕೆಲಸದವರಲ್ಲಿ ಗೋಡೆಯ ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಹಾಯುವ ಕಲ್ಲಿಗೂ ‘ಪರ್ಪೆಂಡ್’ ಎಂದು ಹೆಸರಿದೆ. ಅದು ಬೇರೆ ದಾರಿಯಿಂದ ಬಂದ ನಾಮಪದ. ಬರಿಯ ಅಕ್ಷರಸಾಮ್ಯವನ್ನು ಕಂಡು ಮೋಸಹೋಗಬಾರದು.

ಇಲ್ಲಿ ಕನ್ನಡಿಗರಾದ ನಮಗೆ ಒಂದು ಸಂತೋಷ ಕಾದಿದೆ. ಲ್ಯಾಟಿನ್ ಭಾಷೆಯಲ್ಲಿ ಜೋಲುವುದಕ್ಕೂ ತೂಕ ಮಾಡುವುದಕ್ಕೂ ಒಂದೇ ಬೇರು ಎಂದೆವಷ್ಟೆ. ನಮ್ಮ ‘ತೂಗು’ ಎಂಬ ಕ್ರಿಯಾಪದವನ್ನು ನೋಡಿರಿ! ಅಂಗಡಿಯವನು ಬೆಲ್ಲವನ್ನು ತೂಗುತ್ತಾನೆ. ತಾಯಿ ತೊಟ್ಟಿಲನ್ನು ತೂಗುತ್ತಾಳೆ. ಮಾವಿನ ಮರದಲ್ಲಿ ಕಾಯಿ ತೂಗುತ್ತದೆ. ಕಿಟ್ಟೆಲರ 1894ರ ನಿಘಂಟನ್ನು ತೆರೆದರೆ ಈ ಅರ್ಥಗಳೆಲ್ಲವೂ ಒಂದೇ ಸೂರಿನಡಿ ಕುಳಿತಿರುವುದನ್ನು ಕಾಣಬಹುದು. ರೋಮನರಿಗೂ ನಮ್ಮ ಪೂರ್ವಿಕರಿಗೂ ಈ ವಿಷಯದಲ್ಲಿ ಯಾವ ಕೊಡುಕೊಳೆಯೂ ಇರಲಿಲ್ಲ. ಎರಡೂ ಕಡೆಯ ತಕ್ಕಡಿಗಳು ಮಾತ್ರ ಒಂದೇ ಬಗೆಯಾಗಿ ನೇತಾಡುತ್ತಿದ್ದವು. ಯಾವುದನ್ನಾದರೂ ತೂಗಬೇಕಾದರೆ ಮೊದಲು ಅದನ್ನು ನೆಲದಿಂದ ಎತ್ತಿ ಜೋಲುಬಿಡಬೇಕೆಂಬ ಅನುಭವ ಎರಡು ಭಾಷೆಗಳಲ್ಲಿಯೂ ಪ್ರತ್ಯೇಕವಾಗಿ ಅಚ್ಚೊತ್ತಿದೆ. ನಿದ್ದೆಯ ‘ತೂಕಡಿಕೆ’ಯೂ ಇದೇ ಬೇರಿನದು, ಕೆಲವು ಸಭೆಗಳಲ್ಲಿ ಅಧ್ಯಕ್ಷರು ಬಹಳ ಹೊತ್ತು ವಿಷಯವನ್ನು ತೂಗುತ್ತಿರುವಂತೆ ಕಾಣುವುದು ವಾಸ್ತವವಾಗಿ ಯಾವ ತೂಗುವಿಕೆಯೆಂಬುದು ಹತ್ತಿರ ಕುಳಿತವರಿಗೆ ಗೊತ್ತಿರುತ್ತದೆ.

ಸಂಸ್ಕೃತದ ಕಡೆಗೂ ಒಮ್ಮೆ ತಿರುಗೋಣ. ಅಲ್ಲಿ ತೂಗುವುದಕ್ಕೆ ‘ತುಲ್’ ಎಂಬ ಧಾತು. ತುಲಾ, ತುಲನೆ, ಅತುಲ ಎಂಬ ಮಾತುಗಳು ಅದರಿಂದ ಆದವು. ಜೋಲುವುದಕ್ಕೆ ‘ಲಂಬ್’ ಎಂಬ ಬೇರೆಯೇ ಧಾತುವುಂಟು. ರೇಖಾಗಣಿತದಲ್ಲಿ ‘ಪರ್ಪೆಂಡಿಕ್ಯುಲರ್’ ಎಂಬುದಕ್ಕೆ ನಾವು ‘ಲಂಬ’ ಎನ್ನುತ್ತೇವೆ. ಗಾರೆಯವನು ದಾರದ ತುದಿಗೆ ಗುಂಡು ಕಟ್ಟಿ ಇಳಿಬಿಟ್ಟಾಗ ಆ ದಾರ ನಿಲ್ಲುವ ರೇಖೆಯೇ ಎರಡು ಹೆಸರುಗಳಿಗೂ ಮೂಲ. ‘ಡಿಪೆಂಡ್’ ಎಂದರೆ ಕೆಳಗೆ ಜೋತುಬೀಳುವುದು. ನಮ್ಮ ‘ಅವಲಂಬನೆ’ ಎಂಬುದರ ಅವಯವಾರ್ಥವೂ ಅಕ್ಷರಶಃ ಅಷ್ಟೆ. ‘ವಿಳಂಬ’ ಎಂಬುದೂ ಈ ಧಾತುವಿನದೇ. ನಮ್ಮ ಜನ ವಿಳಂಬವನ್ನು ದೋಷವೆಂದೇ ಎಣಿಸುವರಾದರೂ ಜೋಲುಬಿಟ್ಟ ವಸ್ತು ನಿಶ್ಚಲವಾಗಲು ಹಿಡಿಯುವ ಕಾಲವೆಂಬುದೊಂದು ಉಂಟೆಂದು ಆ ಶಬ್ದವೇ ಹೇಳುತ್ತಿರುವಂತೆ ನಮಗೆ ತೋರುತ್ತದೆ.

ಅಕ್ಕಸಾಲಿಯ ಅಂಗಡಿಯಲ್ಲಿ ಇದನ್ನು ಕಣ್ಣಾರೆ ನೋಡಬಹುದಾಗಿತ್ತು. ಗಾಜಿನ ಪೆಟ್ಟಿಗೆಯೊಳಗಿನ ಸಣ್ಣ ತಕ್ಕಡಿಯಲ್ಲಿ ಒಂದು ಕಡೆ ಚಿನ್ನದ ಚೂರನ್ನೂ ಇನ್ನೊಂದು ಕಡೆ ಕೆಂಪುಕಪ್ಪಿನ ಗುಲಗಂಜಿಯನ್ನೂ ಇಡುತ್ತಿದ್ದರು. ಉತ್ತರ ದೇಶದ ಲೆಕ್ಕದಲ್ಲಿ 96 ಗುಲಗಂಜಿಗೆ 1 ತೊಲ, ಎಂದರೆ ಸುಮಾರು 11.66 ಗ್ರಾಂ, ಇದರಿಂದ ಒಂದು ಕಾಳಿನ ತೂಕವೆಷ್ಟು ಅಲ್ಪವೆಂಬುದನ್ನು ವಾಚಕರೇ ಊಹಿಸಬಹುದು. ತೂಕಕ್ಕೆ ಮೊದಲು ಅಕ್ಕಸಾಲಿ ಕಿಟಕಿ ಮುಚ್ಚುತ್ತಿದ್ದನು, ಬೀಸಣಿಗೆ ನಿಲ್ಲಿಸುತ್ತಿದ್ದನು, ಉಸಿರನ್ನೂ ಬಿಗಿಹಿಡಿಯುತ್ತಿದ್ದನು. ತಕ್ಕಡಿಯ ನಡುವಣ ಮುಳ್ಳು ಅತ್ತಿತ್ತ ಓಲಾಡಿ ಓಲಾಡಿ ಕಡೆಗೊಮ್ಮೆ ನಿಲ್ಲುವವರೆಗೆ ಕೊಳ್ಳುವವನೂ ಮಾರುವವನೂ ಮಾತಾಡುತ್ತಿರಲಿಲ್ಲ. 1956ರ ಅಳತೆತೂಕಗಳ ಕಾಯಿದೆಯ ಅನಂತರ ತೊಲ ಹೋಗಿ ಗ್ರಾಂ ಬಂದಿತು. ಈಗ ವಿದ್ಯುತ್ತಿನ ತಕ್ಕಡಿಯಲ್ಲಿ ಮುಳ್ಳೂ ಇಲ್ಲ, ಅಂಕಿಗಳು ಮಿನುಗುತ್ತವೆ. ಆದರೂ ಅವು ಕ್ಷಣಕಾಲ ಕುಣಿದೇ ನಿಲ್ಲುವವು. ಈ ಮುಳ್ಳಿಗೆ ಲ್ಯಾಟಿನ್ ಭಾಷೆಯಲ್ಲಿ ‘ಎಕ್ಸಾಮೆನ್’ ಎಂದು ಹೆಸರು. ನಮ್ಮ ಹುಡುಗರು ಮಾರ್ಚ್ ತಿಂಗಳಲ್ಲಿ ನಡುಗುವ ‘ಎಗ್ಸಾಮ್’ ಎಂಬುದು ಮೂಲದಲ್ಲಿ ತಕ್ಕಡಿಯ ಮುಳ್ಳೇ ಹೊರತು ಚುಚ್ಚುವ ಮುಳ್ಳಲ್ಲವೆಂದು ನಾವು ಪ್ರತಿವರ್ಷವೂ ತರಗತಿಯಲ್ಲಿ ಹೇಳುತ್ತಿದ್ದೆವು. ಅದರಿಂದ ಯಾರ ನಡುಕವೂ ನಿಂತದ್ದನ್ನು ಕಾಣಲಿಲ್ಲ.

ನಮ್ಮ ಬಂಧುವರ್ಗದಲ್ಲಿ ಒಬ್ಬ ಹಿರಿಯರಿದ್ದರು. ಹಳೆಯ ಮನೆಗಳಲ್ಲಿ ಬಂದ ಕಾಗದಗಳನ್ನು ಚುಚ್ಚಿಡಲು ಗೋಡೆಗೆ ಒಂದು ಕೊಕ್ಕೆಯ ತಂತಿಯನ್ನು ತೂಗುಹಾಕಿರುತ್ತಿದ್ದರೆಂಬುದು ನಮ್ಮ ವಯಸ್ಸಿನವರಿಗೆ ನೆನಪಿರಬಹುದು. ಅವರ ಮಗಳಿಗೆ ನಿಶ್ಚಿತಾರ್ಥವಾಗಿ, ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿಗೆ, ಸಹಿಯಿಲ್ಲದ ಒಂದು ಕಾರ್ಡು ಬಂದಿತು. ವರನು ಸಾಲಗಾರನೆಂದೂ ನಡತೆಗೆಟ್ಟವನೆಂದೂ ಅದರಲ್ಲಿ ಬರೆದಿತ್ತು. ಮನೆಯಲ್ಲಿ ಗೋಳಾಟವೆದ್ದಿತು, ಒಬ್ಬರು ಸಂಬಂಧವನ್ನು ಆಗಲೇ ಮುರಿಯಬೇಕೆಂದರು, ಇನ್ನೊಬ್ಬರು ಕಾರ್ಡನ್ನು ಒಲೆಗೆ ಹಾಕಬೇಕೆಂದರು. ಹಿರಿಯರು ಎರಡನ್ನೂ ಮಾಡಲಿಲ್ಲ. ಕಾರ್ಡನ್ನು ತಂತಿಗೆ ಚುಚ್ಚಿ, ಎಂಟು ದಿನ ಅದು ಅಲ್ಲಿಯೇ ತೂಗಲೆಂದರು. ಆ ಎಂಟು ದಿನಗಳಲ್ಲಿ ತಾವೇ ಬಸ್ಸು ಹತ್ತಿ ವರನ ಊರಿಗೆ ಹೋಗಿ, ಸಾಲ ಕೊಟ್ಟವನನ್ನೇ ಕಂಡು ಮಾತಾಡಿ ಬಂದರು. ಸಾಲವಿದ್ದುದು ನಿಜ, ತಂದೆಯ ಚಿಕಿತ್ಸೆಗೆಂದು ಮಾಡಿದ ಸಾಲ, ತಿಂಗಳು ತಿಂಗಳೂ ತೀರುತ್ತಿದ್ದಿತು. ನಡತೆಯ ಮಾತಿಗೆ ಆಧಾರವೇ ಸಿಗಲಿಲ್ಲ. ಮದುವೆ ನಡೆಯಿತು. ಕಾರ್ಡು ಮಾತ್ರ ಬಹುಕಾಲ ತಂತಿಯಲ್ಲಿಯೇ ಇದ್ದು, ಆ ಮಗಳು ತವರಿಗೆ ಬಂದಾಗಲೆಲ್ಲ ಅದನ್ನು ತೆಗೆದು ಓದಿ ನಗುತ್ತಿದ್ದಳು. ಈಗ ಇಂಥ ಸುದ್ದಿಗಳು ಕಾರ್ಡಿನಲ್ಲಿ ಬರುವುದಿಲ್ಲ, ಅಂಗೈಯ ಯಂತ್ರದಲ್ಲಿ ಬರುತ್ತವೆ. ಚುಚ್ಚಿಡಲು ತಂತಿಯಿಲ್ಲ, ಮುಂದಕ್ಕೆ ತಳ್ಳಲು ಗುಂಡಿ ಮಾತ್ರ ಇದೆ.

ಇರಲಿ, ನಮ್ಮ ಕ್ರಿಯಾಪದದ ಚರಿತ್ರೆಗೆ ಬರೋಣ. ಇಷ್ಟು ಒಳ್ಳೆಯ ಅರ್ಥವುಳ್ಳ ಮಾತು ಬಳಕೆಯಿಂದ ಬಿದ್ದುಹೋದುದೇಕೆ? ಅದನ್ನು ಆಡಿದವರ ಬಾಯಿಗಳನ್ನು ನೋಡಿದರೆ ಕಾರಣ ಸ್ವಲ್ಪಮಟ್ಟಿಗೆ ಹೊಳೆಯುತ್ತದೆ. ಷೇಕ್ಸ್‌ಪಿಯರ್ ಮಹಾಕವಿ ಈ ಮಾತನ್ನು ಗಂಭೀರರ ಬಾಯಲ್ಲಿ ಇಡಲಿಲ್ಲ. ‘ಆಸ್ ಯು ಲೈಕ್ ಇಟ್’ ನಾಟಕದಲ್ಲಿ ಒಬ್ಬ ವಿದೂಷಕನು ಕಾಡಿನ ಕುರುಬನಿಗೆ ನಾಗರಿಕತೆಯ ಪಾಠ ಹೇಳುತ್ತ ‘ಪರ್ಪೆಂಡ್’ ಎನ್ನುತ್ತಾನೆ. ಆ ವಿದೂಷಕನ ಹೆಸರು ಟಚ್‌ಸ್ಟೋನ್, ಎಂದರೆ ಒರೆಗಲ್ಲು! ‘ಟ್ವೆಲ್ಫ್ತ್ ನೈಟ್’ ನಾಟಕದಲ್ಲಿ ಹುಚ್ಚನೆಂದು ಕತ್ತಲೆಕೋಣೆಗೆ ತಳ್ಳಲ್ಪಟ್ಟವನೊಬ್ಬನ ಪತ್ರವನ್ನು ಓದಲು ಹೊರಟ ಇನ್ನೊಬ್ಬ ವಿದೂಷಕನು ಒಡತಿಗೆ ಇದೇ ಮಾತನ್ನು ಹೇಳುತ್ತಾನೆ. ಬಡಾಯಿಯ ಸಿಪಾಯಿಯಾದ ಪಿಸ್ಟಲ್ ಎರಡು ನಾಟಕಗಳಲ್ಲಿ ಇದನ್ನು ಬಳಸಿದ್ದಾನೆ. ಅವುಗಳಲ್ಲಿ ಒಂದು ಪ್ರಸಂಗ ಸ್ವಾರಸ್ಯವಾದುದು. ಐದನೆಯ ಹೆನ್ರಿಯ ನಾಟಕದಲ್ಲಿ ಸೆರೆಸಿಕ್ಕ ಫ್ರೆಂಚ್ ಯೋಧನಿಗೆ, ಇಂಗ್ಲಿಷಿನ ಒಂದಕ್ಷರವೂ ತಿಳಿಯದವನಿಗೆ, ತನ್ನ ಮಾತನ್ನು ‘ಪರ್ಪೆಂಡ್’ ಮಾಡಬೇಕೆಂದು ಪಿಸ್ಟಲ್ ಗದರಿಸುತ್ತಾನೆ. ಹುಡುಗನೊಬ್ಬನು ನಡುವೆ ನಿಂತು ಭಾಷಾಂತರಿಸಿದ ಮೇಲೆ 200 ಕ್ರೌನ್ ಹಣಕ್ಕೆ ಸೆರೆಯಾಳಿನ ಪ್ರಾಣ ಉಳಿಯುತ್ತದೆ. ಅಲ್ಲಿಗೆ ತೂಗುವ ಮಾತು ತನ್ನ ಹಳೆಯ ಅರ್ಥವಾದ ಹಣದ ಎಣಿಕೆಗೇ ಹಿಂದಿರುಗಿತು.

ನಾಲ್ಕನೆಯವನು ವಿದೂಷಕನಲ್ಲ, ರಾಜ್ಯದ ಮಂತ್ರಿ. ‘ಹ್ಯಾಮ್ಲೆಟ್’ ನಾಟಕದ ಪೊಲೋನಿಯಸ್. ಈ ನಾಟಕವನ್ನು ಕುವೆಂಪು ಅವರು ಬಿದನೂರಿನ ಚರಿತ್ರೆಗೆ ಹೊಂದಿಸಿ ‘ರಕ್ತಾಕ್ಷಿ’ಯಾಗಿ ರೂಪಾಂತರಿಸಿರುವುದರಿಂದ ಕಥಾಸಾರ ಕನ್ನಡಿಗರಿಗೆ ತೀರ ಅಪರಿಚಿತವಲ್ಲ. ಡೆನ್ಮಾರ್ಕಿನ ರಾಜಕುಮಾರ ಹ್ಯಾಮ್ಲೆಟ್ ಪೊಲೋನಿಯಸನ ಮಗಳಾದ ಒಫೀಲಿಯಾಳನ್ನು ಪ್ರೀತಿಸಿ ಪತ್ರಗಳನ್ನು ಬರೆದಿದ್ದನು. ರಾಜಕುಮಾರನ ಮಾತನ್ನು ನಂಬಬೇಡ, ಅವನನ್ನು ಕಾಣಲೂ ಕೂಡದೆಂದು ತಂದೆ ಕಟ್ಟಪ್ಪಣೆ ಮಾಡಿದನು, ಮಗಳು ನಡೆದುಕೊಂಡಳು. ಇತ್ತ ರಾಜಕುಮಾರನಿಗೆ ತನ್ನ ತಂದೆಯನ್ನು ಚಿಕ್ಕಪ್ಪನೇ ಕೊಂದನೆಂಬುದು ತಿಳಿದು, ಅವನು ಹುಚ್ಚನಂತೆ ವರ್ತಿಸತೊಡಗಿದನು. ಅರಮನೆಯವರಿಗೆಲ್ಲ ಕಾರಣವೇನೆಂದು ಚಿಂತೆ. ಪೊಲೋನಿಯಸನಿಗೆ ಚಿಂತೆಯೇ ಇಲ್ಲ. ಕಾರಣವನ್ನು ಅವನು ಕಂಡುಹಿಡಿದುಬಿಟ್ಟಿದ್ದಾನೆ. ಮಗಳ ನಿರಾಕರಣೆಯಿಂದ ಹುಟ್ಟಿದ ಪ್ರೇಮೋನ್ಮಾದವೇ ಇದು! ಆ ನಿಶ್ಚಯವನ್ನು ಹೊತ್ತು ಅರಸು ಅರಸಿಯರ ಸನ್ನಿಧಿಗೆ ಬಂದು, ಮಿತಭಾಷಣದ ಮಹಿಮೆಯನ್ನು ಸುದೀರ್ಘವಾಗಿ ಬಣ್ಣಿಸಿ, ಅಲಂಕಾರವನ್ನು ಬಿಟ್ಟು ವಿಷಯಕ್ಕೆ ಬಾರೆಂದು ಅರಸಿಯೇ ಹೇಳಿದ ಬಳಿಕ, ಆತನು ‘ಪರ್ಪೆಂಡ್’ ಎನ್ನುತ್ತಾನೆ. ಅದಾದ ಕೂಡಲೆ ಅವನ ಬಾಯಿಂದ ಹೊರಡುವುದು ತನಗೊಬ್ಬಳು ಮಗಳಿದ್ದಾಳೆ ಎಂಬ ಮಾತು. ಆಮೇಲೆ ಆ ಮಗಳಿಗೆ ಬಂದ ಗುಟ್ಟಿನ ಪತ್ರವನ್ನು ತುಂಬಿದ ಅರಮನೆಯಲ್ಲಿ ಗಟ್ಟಿಯಾಗಿ ಓದುತ್ತಾನೆ. ತನ್ನ ಊಹೆ ತಪ್ಪಾದರೆ ತಲೆಯನ್ನು ಹೆಗಲಿಂದ ಬೇರ್ಪಡಿಸಬಹುದೆಂದು ಕೈಸನ್ನೆಯಿಂದ ತೋರಿಸಿ ಪಣವನ್ನೂ ಒಡ್ಡುತ್ತಾನೆ.

ಊಹೆ ತಪ್ಪಾಗಿತ್ತು. ಹೆಣ್ಣುಮಕ್ಕಳ ತಂದೆಯಾದವರು ಈ ಭಾಗವನ್ನು ನಗುತ್ತ ಓದಿಬಿಡಲಾರರು. ಮಂತ್ರಿಯು ಮಗಳನ್ನು ರಾಜಕುಮಾರನ ದಾರಿಯಲ್ಲಿ ಗಾಳದ ಹುಳುವಿನಂತೆ ನಿಲ್ಲಿಸಿ, ತಾನು ಅರಸನೊಡನೆ ಮರೆಯಲ್ಲಿ ಅವಿತು ಕೇಳಿದನು. ಇನ್ನೊಮ್ಮೆ ಅರಸಿಯ ಕೋಣೆಯ ತೆರೆಯ ಹಿಂದೆ ಅವಿತಿದ್ದಾಗ ಹ್ಯಾಮ್ಲೆಟ್ಟನ ಕತ್ತಿಗೆ ಸಿಕ್ಕಿ ಸತ್ತನು. ಒಫೀಲಿಯಾ ಆ ದುಃಖದಲ್ಲಿ ಬುದ್ಧಿಭ್ರಮಣೆಗೊಂಡಳು. ಅಣ್ಣನ ಮುಂದೆಯೂ ಅರಮನೆಯವರ ಮುಂದೆಯೂ ನಿಂತು ಒಬ್ಬೊಬ್ಬರಿಗೂ ಒಂದೊಂದು ಹೂವು ಸೊಪ್ಪುಗಳನ್ನು ಹಂಚುತ್ತ, ಪ್ಯಾನ್ಸಿ ಹೂವನ್ನು ಕೊಡುವಾಗ ಇದು ಯೋಚನೆಗಾಗಿ ಎಂದು ಹೇಳುತ್ತಾಳೆ. ಪ್ಯಾನ್ಸಿ ಎಂಬ ಹೆಸರು ಫ್ರೆಂಚರ ‘ಪಾಂಸೆ’ ಎಂಬುದರಿಂದ ಬಂದದ್ದು. ಯೋಚನೆ ಎಂದೇ ಆ ಹೂವಿನ ಹೆಸರು. ಚಳಿಗಾಲದಲ್ಲಿ ಬೆಂಗಳೂರಿನ ತೋಟಗಳಲ್ಲಿ ಪುಟ್ಟ ಮುಖದಂತೆ ಅರಳುವ ಹೂವು ಅದೇ. ತಂದೆಯ ‘ಪರ್ಪೆಂಡ್’ ಎಂಬ ಮಾತಿನದೂ ಮಗಳ ಕೈಯ ಹೂವಿನ ಹೆಸರಿನದೂ ಒಂದೇ ಧಾತು, ತೂಗುವ ಆ ಧಾತು. ಬುದ್ಧಿ ನೆಟ್ಟಗಿದ್ದ ತಂದೆ ಇತರರಿಗೆ ತೂಗಿರೆಂದು ಆಜ್ಞಾಪಿಸಿ ತಾನು ತೂಗಲಿಲ್ಲ. ಬುದ್ಧಿ ಕಳೆದುಕೊಂಡ ಮಗಳು ಯೋಚನೆಯನ್ನು ಹೂವಾಗಿ ಹಂಚಿ, ಹೊಳೆಯ ಪಾಲಾದಳು. ಕವಿಯು ಈ ಧಾತುಸಾಮ್ಯವನ್ನು ಬೇಕೆಂದೇ ಹೆಣೆದನೋ ಇಲ್ಲವೋ ನಾವು ವಾದಿಸುವುದಿಲ್ಲ. ನಾಟಕವನ್ನು ತರಗತಿಯಲ್ಲಿ ಪಾಠ ಹೇಳುವಾಗ ಈ ಎರಡು ಸ್ಥಳಗಳನ್ನು ಒಟ್ಟಿಗೆ ಇರಿಸಿ ತೋರಿಸದೆ ನಾವು ಮುಂದೆ ಹೋಗುತ್ತಿರಲಿಲ್ಲ.

ಈ ಮಾತನ್ನು ಗಂಭೀರವಾಗಿ ಬಳಸಿದ ಪುರುಷನೂ ಒಬ್ಬನಿದ್ದನು. ಆತ ನಾರ್ವಿಚ್ ಪಟ್ಟಣದ ವೈದ್ಯ ಸರ್ ತಾಮಸ್ ಬ್ರೌನ್, 1605ರಲ್ಲಿ ಹುಟ್ಟಿ 1682ರಲ್ಲಿ ತೀರಿಕೊಂಡವನು. ಜನರಲ್ಲಿ ಹಬ್ಬಿದ್ದ ತಪ್ಪು ನಂಬಿಕೆಗಳನ್ನು ಒಂದೊಂದಾಗಿ ಎತ್ತಿಕೊಂಡು ಪರೀಕ್ಷಿಸುವ ಒಂದು ದೊಡ್ಡ ಗ್ರಂಥವನ್ನು ಆತನು 1646ರಲ್ಲಿ ಪ್ರಕಟಿಸಿದನು. ಜಾನ್ಸನ್ ಪಂಡಿತನು 1755ರ ತನ್ನ ನಿಘಂಟಿನಲ್ಲಿ ‘ಪರ್ಪೆಂಡ್’ ಎಂಬುದಕ್ಕೆ ಷೇಕ್ಸ್‌ಪಿಯರನ ಜೊತೆಗೆ ಬ್ರೌನನ ಪ್ರಯೋಗವನ್ನೂ ಉದಾಹರಿಸಿದ್ದಾನೆ. ಆನೆಗೆ ಕಾಲಿನಲ್ಲಿ ಕೀಲುಗಳಿಲ್ಲ, ಅದು ಮರಕ್ಕೊರಗಿಯೇ ನಿದ್ರಿಸಬೇಕೆಂಬುದು ಆ ಕಾಲದ ಯೂರೋಪಿನಲ್ಲಿ ಬೇರೂರಿದ್ದ ಒಂದು ನಂಬಿಕೆ. ದಸರೆಯ ಆನೆ ಮಂಡಿಯೂರುವುದನ್ನು ಕಂಡ ನಮ್ಮ ಮಕ್ಕಳು ಇದಕ್ಕೆ ನಗುತ್ತಾರೆ. ಆನೆಯೇ ಅಪರೂಪವಾದ ದೇಶದಲ್ಲಿ ಕುಳಿತು ಅದನ್ನು ಅಲ್ಲಗಳೆಯುವುದು ಸುಲಭವಾಗಿರಲಿಲ್ಲ.

ಆತನ ಕ್ರಮವನ್ನು ತಿಳಿಯಲು ಎರಡು ನಿದರ್ಶನಗಳು ಸಾಕು. ಸತ್ತ ಮಿಂಚುಳ್ಳಿಯನ್ನು ಕೊಕ್ಕು ಕಟ್ಟಿ ತೂಗುಬಿಟ್ಟರೆ ಅದು ಗಾಳಿ ಬೀಸುವ ಕಡೆಗೇ ಎದೆ ತಿರುಗಿಸಿ ನಿಲ್ಲುತ್ತದೆಂದು ಜನ ನಂಬಿದ್ದರು. ಬ್ರೌನನು ಹುರಿಯಿಲ್ಲದ ರೇಷ್ಮೆಯ ಎಳೆಗೆ ಒಂದು ಮಿಂಚುಳ್ಳಿಯನ್ನು ಕಟ್ಟಿ, ಗಾಳಿಯಾಡುವ ಕೋಣೆಯಲ್ಲಿ ತೂಗುಬಿಟ್ಟು ನೋಡಿದನು. ಅದು ಮನಬಂದ ಕಡೆಗೆ ತಿರುಗಿತು. ಅಷ್ಟಕ್ಕೆ ನಿಲ್ಲದೆ ಇನ್ನೊಂದು ಹಕ್ಕಿಯನ್ನೂ ಅದೇ ಕೋಣೆಯಲ್ಲಿ ತೂಗುಬಿಟ್ಟನು. ಎಷ್ಟೋ ಸಲ ಒಂದು ಒಂದು ದಿಕ್ಕಿಗೂ ಇನ್ನೊಂದು ಅದರ ಎದುರು ದಿಕ್ಕಿಗೂ ಮುಖಮಾಡಿದವು. ಹೆಣ ಬದುಕಿದ್ದ ದೇಹಕ್ಕಿಂತ ಭಾರವೆಂಬುದು ಇನ್ನೊಂದು ನಂಬಿಕೆ. ಹೆಣ ಹೊತ್ತವರೆಲ್ಲರೂ ನಮ್ಮಲ್ಲಿಯೂ ಹೀಗೆಯೇ ಹೇಳುವರು. ಬ್ರೌನನು ಒಂದು ಕೋಳಿಯನ್ನು ತಕ್ಕಡಿಯಲ್ಲಿಯೇ ತೂಗಿ, ಅಲ್ಲಿಯೇ ಕತ್ತು ಹಿಸುಕಿ, ಮರುಕ್ಷಣದಲ್ಲಿ ಮತ್ತೆ ತೂಗಿದನು. ಕಾಣತಕ್ಕ ವ್ಯತ್ಯಾಸವೇನೂ ತೋರಲಿಲ್ಲ. ಕೋಳಿಯ ದೃಷ್ಟಿಯಿಂದ ಇದು ಕ್ರೂರವೇ ಸರಿ. ಆದರೆ ಶಬ್ದದ ಅವಯವಾರ್ಥವನ್ನು ಇಷ್ಟು ಪ್ರಾಮಾಣಿಕವಾಗಿ ನಡೆಸಿ ತೋರಿಸಿದ ಬೇರೊಬ್ಬ ಲೇಖಕನನ್ನು ನಾವು ಕಾಣೆವು.

ಹೀಗಿದ್ದ ಪುರುಷನ ಬಾಳಿನಲ್ಲಿ ಒಂದು ದಿನವುಂಟು. 1662ರಲ್ಲಿ ಇಂಗ್ಲೆಂಡಿನ ಬರಿ ಸೇಂಟ್ ಎಡ್ಮಂಡ್ಸ್ ಪಟ್ಟಣದ ನ್ಯಾಯಸ್ಥಾನದಲ್ಲಿ ಇಬ್ಬರು ಮುದಿ ವಿಧವೆಯರನ್ನು ಮಾಟಗಾತಿಯರೆಂದು ತಂದು ನಿಲ್ಲಿಸಿದರು. ಲೋಸ್ಟಾಫ್ಟ್ ಎಂಬ ಕಡಲ ಊರಿನ ಏಮಿ ಡೆನಿ ಮತ್ತು ರೋಸ್ ಕಲೆಂಡರ್ ಎಂಬವರು. ಇವರ ಮಾಟದಿಂದ ಮಕ್ಕಳಿಗೆ ಸೆಳವು ಬರುತ್ತದೆ, ಮಕ್ಕಳು ಗುಂಡುಸೂಜಿಗಳನ್ನು ಕಾರುತ್ತಾರೆ ಎಂಬುದು ಆರೋಪ. ನ್ಯಾಯಾಧೀಶನು ಧರ್ಮಿಷ್ಠನೆಂದು ಹೆಸರಾದ ಸರ್ ಮ್ಯಾಥ್ಯೂ ಹೇಲ್. ಅಂದು ಅಲ್ಲಿದ್ದ ಬ್ರೌನನ ಅಭಿಪ್ರಾಯವನ್ನು ಕೇಳಲಾಯಿತು. ಸೆಳವು ಸ್ವಾಭಾವಿಕವಾದ ರೋಗವೇ. ಆದರೆ ಮಾಟಗಾತಿಯರ ಹಗೆತನದೊಡನೆ ಸೈತಾನನು ಸೇರಿ ಅದನ್ನು ಉಲ್ಬಣಗೊಳಿಸಿರುವನು. ಡೆನ್ಮಾರ್ಕಿನಲ್ಲಿಯೂ ಈಚೆಗೆ ಇಂಥದೇ ನಡೆದಿದೆ, ಎಂದು ಆತನು ಹೇಳಿದನು. ಕೋಳಿಯನ್ನು ಎರಡು ಸಲ ತೂಗಿದವನು ಇಲ್ಲಿ ಒಂದು ಸಲವೂ ತಕ್ಕಡಿಯನ್ನು ಕೈಗೆತ್ತಿಕೊಳ್ಳಲಿಲ್ಲ.

ಆದರೆ ಅದೇ ನ್ಯಾಯಸ್ಥಾನದಲ್ಲಿ ಬೇರೆ ಕೆಲವರು ತೂಗಿ ನೋಡಿದರೆಂಬುದೇ ಈ ಕಥೆಯ ಮರ್ಮ. ಆರೋಪಿತೆ ಮುಟ್ಟಿದರೆ ಮಾತ್ರ ಹುಡುಗಿಯ ಬಿಗಿದ ಮುಷ್ಟಿ ಬಿಚ್ಚಿಕೊಳ್ಳುವುದೆಂದು ವಾದಿಗಳು ಸಾಧಿಸುತ್ತಿದ್ದರು. ಲಾರ್ಡ್ ಕಾರ್ನ್‌ವಾಲಿಸ್ ಮೊದಲಾದ ಕೆಲವರು ಹುಡುಗಿಯ ಕಣ್ಣನ್ನು ಬಟ್ಟೆಯಿಂದ ಮುಚ್ಚಿಸಿ, ಆರೋಪಿತೆಗೆ ಬದಲಾಗಿ ಬೇರೊಬ್ಬ ಹೆಂಗಸಿನಿಂದ ಮುಟ್ಟಿಸಿದರು. ಅವಳ ಮುಟ್ಟಿಗೂ ಹುಡುಗಿ ಹಾಗೆಯೇ ಮಾಡಿದಳು! ಇದೆಲ್ಲ ಬರಿಯ ಸೋಗೆಂದು ಅವರು ಬಂದು ಬಹಿರಂಗವಾಗಿ ಹೇಳಿದರು. ಮುಳ್ಳು ಒಂದು ಕಡೆಗೆ ಸ್ಪಷ್ಟವಾಗಿ ವಾಲಿದ್ದಿತು. ಹುಡುಗಿಗೆ ಮೋಸವಾದುದರಿಂದ ಹಾಗಾಯಿತೆಂದು ತಂದೆಯೊಬ್ಬನು ಸಮಾಧಾನ ಹೇಳಿದನು. ಸಭೆಗೆ ಅದು ಒಪ್ಪಿಗೆಯಾಯಿತು. ಪಂಚರು ಅರ್ಧ ಗಂಟೆಯೊಳಗೆ ಹಿಂದಿರುಗಿ ಅಪರಾಧಿಗಳೆಂದರು. ಇಬ್ಬರು ಮುದುಕಿಯರನ್ನೂ ಗಲ್ಲಿಗೇರಿಸಿದರು. ಈ ವಿಚಾರಣೆಯ ವರದಿ 1682ರಲ್ಲಿ ಅಚ್ಚಾಗಿ, ಹತ್ತು ವರ್ಷಗಳ ಮೇಲೆ ಅಮೆರಿಕೆಯ ಸೇಲಂ ಊರಿನಲ್ಲಿ ಮಾಟಗಾತಿಯರೆಂದು ಜನರನ್ನು ಕೊಲ್ಲುವಾಗ ಮೇಲ್ಪಂಕ್ತಿಯಾಗಿ ಬಳಕೆಯಾಯಿತು. ಬ್ರೌನನ ಮಾತೊಂದರಿಂದಲೇ ಆ ಮುದುಕಿಯರು ಸತ್ತರೆನ್ನುವುದು ಅನ್ಯಾಯವಾದೀತು. ಆದರೆ ಅಷ್ಟು ದೊಡ್ಡ ಪಂಡಿತನು ಅಂದು ಆ ಹುಡುಗಿಯ ಕಣ್ಣುಕಟ್ಟಿನ ಪರೀಕ್ಷೆಯನ್ನು ತನ್ನ ಮಿಂಚುಳ್ಳಿಯ ಪರೀಕ್ಷೆಯ ಪಕ್ಕದಲ್ಲಿಟ್ಟು ನಾಲ್ಕು ಮಾತು ಹೇಳಿದ್ದರೆ ಏನಾಗುತ್ತಿದ್ದಿತೆಂದು ನಾವು ಹಲವು ಸಲ ಯೋಚಿಸಿದ್ದೇವೆ. ಲೇಖನದ ಆರಂಭದಲ್ಲಿ ಉಳಿಸಿಕೊಂಡ ಎರಡನೆಯ ಉತ್ತರ ಇದು.

ಪರದೇಶದವರನ್ನು ಹಳಿಯುವುದಕ್ಕೆ ಇದನ್ನು ಬರೆಯಲಿಲ್ಲ. ನಮ್ಮ ಧರ್ಮಶಾಸ್ತ್ರಗಳಲ್ಲಿ ‘ತುಲಾದಿವ್ಯ’ ಎಂಬುದೊಂದು ಇದ್ದಿತು. ಯಾಜ್ಞವಲ್ಕ್ಯಸ್ಮೃತಿ ಹೇಳುವ ಐದು ದಿವ್ಯಗಳಲ್ಲಿ ಅದು ಮೊದಲನೆಯದು. ಆರೋಪಿತನನ್ನು ತಕ್ಕಡಿಯಲ್ಲಿ ಕುಳ್ಳಿರಿಸಿ ತೂಗಿ, ಗುರುತಿಟ್ಟು ಇಳಿಸಿ, ತುಲೆಯನ್ನು ಪ್ರಾರ್ಥಿಸಿ ಮತ್ತೆ ತೂಗುವುದು. ಮೇಲಕ್ಕೇರಿದರೆ ಶುದ್ಧ, ಕೆಳಕ್ಕಿಳಿದರೆ ಅಪರಾಧಿ. ಬೆಂಕಿ ವಿಷಗಳ ದಿವ್ಯವನ್ನು ತಾಳಲಾರದ ಹೆಂಗಸರು, ಮಕ್ಕಳು, ಮುದುಕರು, ರೋಗಿಗಳು ಮೊದಲಾದವರಿಗೆ ಇದನ್ನು ವಿಧಿಸಿದ್ದರಲ್ಲಿ ಸ್ವಲ್ಪ ದಯೆ ಕಾಣುತ್ತದೆ. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನು, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದವನು. ಸಾಕ್ಷ್ಯವನ್ನು ತೂಗಬೇಕಾದೆಡೆಯಲ್ಲಿ ಸಾಕ್ಷಾತ್ ಮನುಷ್ಯನನ್ನೇ ತೂಗಿದ್ದು ಅಲ್ಲಿನ ಕಥೆ.

ಇನ್ನುಳಿದದ್ದು ಭಾಷಾಂತರದ ಪ್ರಶ್ನೆ. ‘ಪರ್ಪೆಂಡ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ‘ಆಲೋಚನೆ’ ಮೂಲದಲ್ಲಿ ಕಣ್ಣಿನ ಕೆಲಸ, ನೋಡುವುದು. ‘ವಿಚಾರ’ ಕಾಲಿನದು, ವಿಷಯದ ಸುತ್ತ ಅಡ್ಡಾಡುವುದು. ‘ವಿಮರ್ಶೆ’ ಕೈಯದು, ಮುಟ್ಟಿ ಸವರುವುದು. ‘ವಿವೇಚನೆ’ಯಲ್ಲಿ ಕಾಳನ್ನೂ ಹೊಟ್ಟನ್ನೂ ಬೇರ್ಪಡಿಸುವುದಿದೆ. ನಾಲ್ಕೂ ಶ್ರೇಷ್ಠವಾದ ಮಾತುಗಳೇ, ಆದರೆ ಒಂದರಲ್ಲಿಯೂ ತಕ್ಕಡಿಯಿಲ್ಲ. ಸಂಸ್ಕೃತದಲ್ಲಿಯೇ ಆಗಬೇಕೆಂದರೆ ‘ಪರಿತೋಲನ’ ಎಂದು ಹೊಸದಾಗಿ ಕಟ್ಟಬಹುದು, ವ್ಯಾಕರಣಕ್ಕೆ ಬಾಧಕವಿಲ್ಲ. ನಮ್ಮ ಮನಸ್ಸು ಮಾತ್ರ ಹಳ್ಳಿಯ ಹೆಂಗಸರು ದಿನವೂ ಆಡುವ ‘ತೂಗಿ ನೋಡು’ ಎಂಬುದರ ಕಡೆಗೇ ವಾಲುತ್ತದೆ. ಅದರಲ್ಲಿ ಕೈ ಎತ್ತಿ ಹಿಡಿಯುವುದೂ ಇದೆ, ಮುಳ್ಳು ನಿಲ್ಲುವವರೆಗೆ ಕಣ್ಣಿಟ್ಟು ಕಾಯುವುದೂ ಇದೆ. ನಿಘಂಟು ಬರೆಯುವವರು ‘ಪರ್ಪೆಂಡ್’ ಎಂಬುದರ ಎದುರಿಗೆ ಈ ಎರಡು ಪದಗಳನ್ನು ಬರೆದರೆ ಸಾಕು; ‘ಸಮ್ಯಕ್ಪರ್ಯಾಲೋಚನಂಗೈ’ ಎಂಬಂಥದನ್ನು ಬರೆದರೋ, ಅದೂ ಹೋಗಿ ಪೊಲೋನಿಯಸನ ಬಾಯನ್ನೇ ಸೇರೀತು.